ಸೈಲೆನ್ಸರ್ ಪಕ್ಕದ ಪೈಪು

ಪ್ರಶ್ನೆ: ನಮ್ಮದು ಆಲ್ದೂರು ಹತ್ತಿರ ಕಾಫಿ ತೋಟ. ಮಳೆ ನೀರು ಇಂಗಿಸುವ ತೊಟ್ಟಿಲು ಗುಂಡಿ ತೆಗೆಯಲು, ಬಸಿಗಾಲುವೆ ಬಿಡಿಸಲು ಆಳು ಸಿಗದೆ ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಮಿನಿ ಹಿಟಾಚಿ, ಅಂದ್ರೆ ಮಣ್ಣು ಅಗೆಯುವ ಚಿಕ್ಕ ಯಂತ್ರ, ತಗೊಂಡೆವು. ಒಂದೇ ವರ್ಷದಲ್ಲಿ ಎಂಜಿನ್ ಪಕ್ಕದ ಒಂದೇ ಹೈಡ್ರಾಲಿಕ್ ಪೈಪು ಮೂರು ಸಲ ಒಡೆಯಿತು. ಮೊದಲ ಸಲ ಹುಡುಗರು ಟ್ಯೂಬ್ ರಬ್ಬರ್ ಸುತ್ತಿ ತಂತಿ ಬಿಗಿದರು, ಹತ್ತು ನಿಮಿಷ ನಿಲ್ಲಲಿಲ್ಲ. ಆಮೇಲೆ ಎರಡು ಸಲ ಹೊಸ ಪೈಪನ್ನೇ ಹಾಕಿಸಿದೆ. ಕೊನೆಯದು ಮಳೆಗಾಲ ಮುಗಿಯೋದರೊಳಗೆ ಹೋಯಿತು, ಹೊಗೆ ಎದ್ದು ಬಿಟ್ಟಿತು. ಫೋಟೋ ಕಳಿಸಿದ್ದೇನೆ. ಯಾವ ಕಂಪನಿ ಪೈಪು ಹಾಕಿಸಬೇಕು? ಹಾಳಾದಷ್ಟು ಮಾತ್ರ ಕತ್ತರಿಸಿ ಜಾಯಿಂಟ್ ಹಾಕಬಹುದಾ? ಶಾಖ ತಾಗದ ಹಾಗೆ ಆಸ್ಬೆಸ್ಟಾಸ್ ಹಗ್ಗ ಸುತ್ತು ಅಂತ ಒಬ್ಬರು ಹೇಳಿದರು. ಸುತ್ತಲಾ?

ಉತ್ತರ: ನಿಮ್ಮ ಪತ್ರ ಓದಿದ ದಿನವೇ ಫೋನ್ ಮಾಡಿ, ಹಳೇ ಪೈಪು ಬಿಸಾಕಿಲ್ಲ ತಾನೇ ಅಂತ ಕೇಳಿದೆ. ನೀವು ಅದನ್ನು ಗೋಣಿಚೀಲದಲ್ಲಿ ಸುತ್ತಿ ಹಾಸನದ ಬಸ್ಸಿಗೆ ಹಾಕಿ ಕಳಿಸಿದಿರಿ. ಒಳ್ಳೇದಾಯಿತು. ಪೈಪು ನೋಡದೆ ಬರೆದಿದ್ದರೆ ನಾನು ಬೇರೆಯದೇ ಉತ್ತರ ಕೊಡುತ್ತಿದ್ದೆನೋ ಏನೋ.

ಬೆಂಚಿನ ಮೇಲೆ ಇಟ್ಟು ಮೊದಲು ಕೈಯಲ್ಲಿ ಬಗ್ಗಿಸಿ ನೋಡಿದೆ. ಅರ್ಧ ಇಂಚಿನ ಡಬಲ್ ವೈರ್ ಪೈಪು (ರಬ್ಬರಿನ ನಡುವೆ ಎರಡು ಪದರ ತಂತಿ ಹೆಣಿಗೆ ಇರುವಂಥದು), ಮೀಟರಿಗಿಂತ ಸ್ವಲ್ಪ ಉದ್ದ. ಎರಡೂ ತುದಿಯ ಕಡೆ ಚೆನ್ನಾಗಿ ಬಾಗುತ್ತಿತ್ತು. ನಡುವೆ ಒಂದು ಗೇಣಿನಷ್ಟು ಜಾಗ ಮಾತ್ರ ಬಾಗಲಿಲ್ಲ. ಅಲ್ಲಿ ರಬ್ಬರ್ ಹೊಳಪು ಬಂದು, ಒಣಗಿದ ಕೆರೆಯ ಮಣ್ಣಿನ ಹಾಗೆ ಬಿರಿದಿತ್ತು. ಅದೂ ಒಂದೇ ಮಗ್ಗುಲಲ್ಲಿ. ಆ ಮಗ್ಗುಲಿಗೆ ಉಗುರು ಊರಿದರೆ ಜಾರುತ್ತಿತ್ತು. ಪೈಪು ತಿರುಗಿಸಿ ಹಿಂಬದಿಗೆ ಊರಿದರೆ ಗುರುತು ಮೂಡುತ್ತಿತ್ತು.

ಆಮೇಲೆ ಕಟಿಂಗ್ ವೀಲಿನಲ್ಲಿ ಉದ್ದಕ್ಕೆ ಸೀಳಿದೆ. ಆಯಿಲ್ ಹರಿಯುವ ಒಳಗಿನ ರಬ್ಬರಿನಲ್ಲಿ, ಒಡೆದ ಜಾಗ ಒಂದು ಬಿಟ್ಟರೆ, ಎಲ್ಲೂ ಬಿರುಕಿಲ್ಲ. ಮೆತ್ತಗೇ ಇದೆ. ನಡುವಿನ ತಂತಿ ಹೆಣಿಗೆ ಬೇರೆ ಕಡೆ ಹಿತ್ತಾಳೆ ಬಣ್ಣದಲ್ಲಿ ಹೊಳೆಯುತ್ತಿತ್ತು. ಈ ಗೇಣು ಜಾಗದಲ್ಲಿ ಕಂದು ತುಕ್ಕು. ಬೆರಳಲ್ಲಿ ಉಜ್ಜಿದರೆ ತಂತಿಯೇ ಮುರಿದು ಬಂತು.

ನಡೆದದ್ದು ಇಷ್ಟು. ಹೊರಗಿನ ಶಾಖಕ್ಕೆ ಮೇಲಿನ ರಬ್ಬರ್ ಬೆಂದು ಬಿರಿಯಿತು. ಬಿರುಕಿನೊಳಗೆ ಮಳೆ ನೀರು ಇಳಿಯಿತು. ತಂತಿಗೆ ತುಕ್ಕು ಹಿಡಿಯಿತು. ಒತ್ತಡ ತಡೆಯುವುದು ತಂತಿ, ರಬ್ಬರ್ ಅಲ್ಲ. ತಂತಿ ಹೋದ ದಿನ ಪೈಪು ಒಡೆಯಿತು.

ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಈ ಪೈಪು ಮಾಡಿದ ಕಂಪನಿಯದು ತಪ್ಪಿಲ್ಲ. ಇದೇ ಪೈಪು ಬೂಮಿನ (ಯಂತ್ರದ ತೋಳಿನ) ಮೇಲೆ ಇದ್ದಿದ್ದರೆ ವರ್ಷಗಟ್ಟಲೆ ಬರುತ್ತಿತ್ತು. ನೀವು ಇನ್ನೂ ದುಬಾರಿ ಪೈಪು ತಂದು ಅದೇ ಜಾಗಕ್ಕೆ ಹಾಕಿದರೆ ಅದೂ ಬೇಯುತ್ತದೆ. ಮೊದಲು ಶಾಖ ಎಲ್ಲಿಂದ ಬಂತು ಅಂತ ಹುಡುಕಬೇಕು. ಪೈಪು ತರುವುದು ಆಮೇಲೆ.

ನಿಮ್ಮ ಮೂರನೇ ಫೋಟೋ ದೊಡ್ಡದು ಮಾಡಿ ನೋಡಿ. ಸೈಲೆನ್ಸರ್ ಮೇಲೆ, ಪೈಪಿನ ಕಡೆಗೆ, ಎರಡು ಖಾಲಿ ಬೋಲ್ಟ್ ತೂತು ಕಾಣುತ್ತವೆ. ಅಲ್ಲಿ ಒಂದು ತಗಡಿನ ಗುರಾಣಿ ಇರಬೇಕಿತ್ತು. ನಿಮಗಿಂತ ಮುಂಚಿನವರು ಯಾವತ್ತೋ ರಿಪೇರಿಗೆ ಬಿಚ್ಚಿದ್ದಾರೆ, ವಾಪಸ್ ಹಾಕಿಲ್ಲ. ಬೋಲ್ಟ್ ತುಕ್ಕು ಹಿಡಿದು ಮುರಿದಿರಲೂಬಹುದು. ನಮ್ಮ ಮಲೆನಾಡಿನ ಮಳೆಗೆ ಸಣ್ಣ ಬೋಲ್ಟ್‌ಗಳು ಉಳಿಯುವುದು ಕಷ್ಟ. ಅದೇ ಫೋಟೋದಲ್ಲಿ ಪೈಪು ಹಿಡಿದಿಡುವ ಕ್ಲಾಂಪೂ ಕಾಣಲಿಲ್ಲ. ಕ್ಲಾಂಪ್ ಇಲ್ಲದ ಪೈಪು ಒತ್ತಡ ಬಂದಾಗಲೆಲ್ಲ ಜಿಗಿಯುತ್ತದೆ. ಜಿಗಿದು ಜಿಗಿದು ಸೈಲೆನ್ಸರ್ ಕಡೆಗೆ ವಾಲಿದೆ.

ಚಿಕ್ಕ ಯಂತ್ರಗಳಲ್ಲಿ ಈ ತೊಂದರೆ ಜಾಸ್ತಿ. ಎಂಜಿನ್, ಪಂಪು, ಸೈಲೆನ್ಸರ್, ಆಯಿಲ್ ಟ್ಯಾಂಕು ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ತುರುಕಿರುತ್ತಾರೆ. ದೊಡ್ಡ ಯಂತ್ರದಲ್ಲಿ ಮಾರುದ್ದ ದೂರ ಇರುವ ವಸ್ತುಗಳು ಇಲ್ಲಿ ನಾಲ್ಕು ಬೆರಳು ದೂರ ಇರುತ್ತವೆ. ಲೋಡಿನಲ್ಲಿ ಡೀಸೆಲ್ ಎಂಜಿನ್ನಿನ ಹೊಗೆ 300 ಡಿಗ್ರಿ ದಾಟುತ್ತದೆ. ಸಾಮಾನ್ಯ ಹೈಡ್ರಾಲಿಕ್ ಪೈಪು ತಡೆಯುವುದು 100 ಡಿಗ್ರಿ. ಆ ಮಿತಿಯ ಮೇಲೆ ಪ್ರತಿ 10 ಡಿಗ್ರಿಗೆ ಪೈಪಿನ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅಂತ ನಮ್ಮ ಕಸುಬಿನಲ್ಲಿ ಒಂದು ಅಂದಾಜಿದೆ. 120ಕ್ಕೆ ಹೋದರೆ ನಾಲ್ಕನೇ ಒಂದು ಪಾಲು ಉಳಿಯಿತು.

ರಬ್ಬರ್ ಯಾಕೆ ಗಟ್ಟಿಯಾಗುತ್ತದೆ ಗೊತ್ತಾ? ಕಾರ್ಖಾನೆಯಲ್ಲಿ ಅದನ್ನು ಗಂಧಕದ ಜೊತೆ ಸುಮಾರು 150 ಡಿಗ್ರಿಯಲ್ಲಿ ಬೇಯಿಸಿ ಹದಕ್ಕೆ ತಂದಿರುತ್ತಾರೆ. ಹದ ಬಂದ ಮೇಲೆ ನಿಲ್ಲಿಸುತ್ತಾರೆ. ಸೈಲೆನ್ಸರ್ ಪಕ್ಕ ಇಟ್ಟರೆ ಆ ಬೇಯುವ ಕೆಲಸ ಮತ್ತೆ ಶುರುವಾಗುತ್ತದೆ. ಮೆತ್ತಗೆ ಇರಲಿ ಅಂತ ಸೇರಿಸಿದ ಎಣ್ಣೆ ಅಂಶವೂ ಆರಿಹೋಗುತ್ತದೆ. ಹೀಗೆ ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ. ಮೇಲೆ ಗ್ರೀಸ್ ಸವರಿದರೆ ಸರಿಹೋಗುತ್ತದೆ ಅಂತ ಕೆಲವರು ನಂಬಿದ್ದಾರೆ. ಸರಿಹೋಗಲ್ಲ.

ಈಗ ಜಾಯಿಂಟ್ ವಿಷಯ. ಪೈಪು ಎಲ್ಲೋ ಕಲ್ಲಿಗೆ ಉಜ್ಜಿ ಒಂದು ಕಡೆ ಗಾಯವಾಗಿದೆ, ಉಳಿದದ್ದೆಲ್ಲ ಹೊಸದರ ಹಾಗಿದೆ ಅಂದರೆ ಆ ಜಾಗ ಕತ್ತರಿಸಿ ನಡುವೆ ಸ್ಟೀಲ್ ಜಾಯಿನರ್ ಇಟ್ಟು ಎರಡೂ ಕಡೆ ಕ್ರಿಂಪ್ ಮಾಡಬಹುದು, ಅಂದ್ರೆ ಮೆಷಿನ್ನಿನಲ್ಲಿ ಒತ್ತಿ ಬಿಗಿಯಬಹುದು. ನಾನೂ ಮಾಡಿಕೊಟ್ಟಿದ್ದೇನೆ, ಬಾಗದ ನೇರ ಜಾಗದಲ್ಲಿ ಮಾತ್ರ. ಶಾಖಕ್ಕೆ ಬೆಂದ ಪೈಪಿಗೆ ಮಾಡಿಕೊಡುವುದಿಲ್ಲ. ಯಾಕಂದ್ರೆ ಬೆಂದ ಜಾಗ ಎಲ್ಲಿ ಮುಗಿಯಿತು ಅಂತ ಹೊರಗಿನಿಂದ ಗೆರೆ ಎಳೆದ ಹಾಗೆ ಹೇಳಲು ಬರಲ್ಲ. ಗಟ್ಟಿಯಾದ ರಬ್ಬರಿಗೆ ನಿಪ್ಪಲ್ (ಒಳಗೆ ಕೂರುವ ಲೋಹದ ಕೊಳವೆ) ಹೊಡೆದು ಕ್ಯಾಪ್ (ಹೊರಗಿನ ಲೋಹದ ಬಳೆ) ಒತ್ತಿದರೆ ರಬ್ಬರ್ ಹಿಡಿದುಕೊಳ್ಳುವ ಬದಲು ಪುಡಿಯಾಗುತ್ತದೆ. ಆ ನಿಪ್ಪಲ್ ಒಂದು ದಿನ ಗುಂಡಿನ ಹಾಗೆ ಹಾರುತ್ತದೆ. ಅರ್ಧ ಇಂಚಿನ ಡಬಲ್ ವೈರ್ ಪೈಪಿನ ಕೆಲಸದ ಒತ್ತಡದ ಮಿತಿ 275 ಬಾರ್. ಅಂದ್ರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು 280 ಕಿಲೋ. ಟ್ಯೂಬ್ ರಬ್ಬರ್ ಮತ್ತು ತಂತಿ ಯಾಕೆ ಹತ್ತು ನಿಮಿಷ ನಿಲ್ಲಲಿಲ್ಲ ಅಂತ ಈಗ ತಿಳಿಯಿತಲ್ವಾ? ದಯವಿಟ್ಟು ನಿಮ್ಮ ಹುಡುಗರಿಗೆ ಇನ್ನೊಮ್ಮೆ ಹಾಗೆ ಮಾಡಲು ಬಿಡಬೇಡಿ.

ಆಸ್ಬೆಸ್ಟಾಸ್ ಹಗ್ಗ ಬೇಡವೇ ಬೇಡ. ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಆಮೇಲೆ ಔಷಧಿ ಇಲ್ಲ. ಅದರ ಬದಲು ಗ್ಲಾಸ್ ಫೈಬರಿನ ಮೇಲೆ ಸಿಲಿಕೋನ್ ಬಳಿದ ತೋಳು ಸಿಗುತ್ತದೆ. ಇಟ್ಟಿಗೆ ಕೆಂಪು ಬಣ್ಣ. ಅಂಗಡಿಯಲ್ಲಿ ಫೈರ್ ಸ್ಲೀವ್ ಅಂತ ಕೇಳಿ. 260 ಡಿಗ್ರಿವರೆಗೆ ನಿರಂತರ ತಡೆಯುತ್ತದೆ. ಪೈಪಿಗೆ ಎಂಡ್ ಫಿಟ್ಟಿಂಗ್ ಹಾಕುವ ಮೊದಲೇ ಅದನ್ನು ತೂರಿಸಬೇಕು, ಆಮೇಲೆ ತೂರುವುದಿಲ್ಲ. ಆದರೆ ಗುರಾಣಿ ಇಲ್ಲದೆ ಬರೀ ಸ್ಲೀವ್ ನಂಬಬೇಡಿ. ಅದು ಶಾಖವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ದಿನವಿಡೀ ಗುಂಡಿ ತೆಗೆದರೆ ಸಂಜೆ ಹೊತ್ತಿಗೆ ಒಳಗೂ ಕಾಯುತ್ತದೆ. ಆಯಿಲ್ ನೆನೆದ ಸ್ಲೀವ್ ಕಂಡರೆ ಅವತ್ತೇ ಬಿಚ್ಚಿ ನೋಡಿ. ಅದರೊಳಗೆ ಪೈಪು ಸೋರುತ್ತಿರುತ್ತದೆ, ಹೊರಗೆ ಗೊತ್ತಾಗಲ್ಲ.

ನಾನು ಹೇಳುವ ಕ್ರಮ ಇದು. ಎರಡು ಮಿಲಿಮೀಟರ್ ತಗಡಿನಲ್ಲಿ ಗುರಾಣಿ ಮಾಡಿಸಿ, ಆ ಎರಡು ತೂತಿಗೆ ಹೊಸ ಬೋಲ್ಟ್ ಹಾಕಿ. ತಗಡು ಸೈಲೆನ್ಸರಿಗೆ ಅಂಟಿಕೊಳ್ಳಬಾರದು, ನಡುವೆ ಗಾಳಿ ಆಡಲು ಒಂದು ಬೆರಳು ಜಾಗ ಇರಲಿ. ಪೈಪಿನ ಒಂದು ತುದಿಗೆ ನೇರ ಫಿಟ್ಟಿಂಗ್ ಬದಲು 90 ಡಿಗ್ರಿ ಬೆಂಡ್ ಹಾಕಿಸಿ. ಆಗ ಪೈಪು ಸೈಲೆನ್ಸರ್ ಕಡೆ ಸುತ್ತಿ ಬರುವ ಅಗತ್ಯವೇ ಇರಲ್ಲ, ಹಿಂದಿನ ಗೋಡೆಗುಂಟ ಹೋಗುತ್ತದೆ. ಗೋಡೆಗೆ ಎರಡು ಕ್ಲಾಂಪ್. ಬಾಗುವ ಜಾಗದಲ್ಲಿ ಅರ್ಧ ಇಂಚಿನ ಡಬಲ್ ವೈರ್ ಪೈಪಿಗೆ 180 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾದ ತಿರುವು ಕೊಡಬೇಡಿ. ಉದ್ದವೂ ಎಳೆದು ಕಟ್ಟಿದ ಹಾಗೆ ಇರಬಾರದು. ಒತ್ತಡ ಬಂದಾಗ ಪೈಪು ನೂರಕ್ಕೆ ನಾಲ್ಕರಷ್ಟು ಗಿಡ್ಡವಾಗಬಹುದು. ಮೀಟರ್ ಪೈಪಿಗೆ ನಾಲ್ಕು ಸೆಂಟಿಮೀಟರ್. ಅಷ್ಟು ಸಡಿಲ ಬಿಡಿ.

ಪೈಪಿನ ಮೈಮೇಲೆ ಉದ್ದಕ್ಕೆ ಅಕ್ಷರಗಳ ಸಾಲು ಇರುತ್ತದಲ್ಲ, ಬಿಗಿದ ಮೇಲೆ ಅದು ನೇರ ಕಾಣಬೇಕು. ಬಳ್ಳಿಯ ಹಾಗೆ ಸುತ್ತಿಕೊಂಡಿದ್ದರೆ ಪೈಪು ತಿರುಚಿದೆ ಅಂತ ಅರ್ಥ. ಬಿಗಿಯುವಾಗ ಎರಡು ಸ್ಪ್ಯಾನರ್ ಹಿಡಿಯಿರಿ, ಒಂದು ತಿರುಗಿಸಲು, ಇನ್ನೊಂದು ತಡೆಯಲು.

ಪೈಪು ಮಾಡಿಸುವ ಅಂಗಡಿಯಲ್ಲಿ ಎರಡು ಸಂಗತಿ ಗಮನಿಸಿ. ಕತ್ತರಿಸಿದ ಮೇಲೆ ಒಳಗಿನ ರಬ್ಬರ್ ಪುಡಿ, ತಂತಿ ಚೂರು ತೆಗೆದರಾ? ಸುಮ್ನೆ ಬಾಯಲ್ಲಿ ಊದಿದರೆ ಸಾಲದು. ಆ ಚೂರು ನೇರ ವಾಲ್ವಿಗೆ ಹೋಗಿ ಕೂರುತ್ತದೆ. ಇನ್ನೊಂದು, ಕ್ರಿಂಪ್ ಆದ ಮೇಲೆ ಕ್ಯಾಪಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು ಚಾರ್ಟಿಗೆ ಹೋಲಿಸಿದರಾ? ನಾನು ಈ ಕಸುಬು ಕಲಿತಾಗ ಕಣ್ಣಂದಾಜಿನಲ್ಲೇ ಒತ್ತುತ್ತಿದ್ದೆವು. ಅರ್ಧ ಮಿಲಿಮೀಟರ್ ಹೆಚ್ಚು ಒತ್ತಿದರೆ ಒಳಗಿನ ರಬ್ಬರ್ ಕತ್ತರಿಸುತ್ತದೆ, ಕಮ್ಮಿ ಒತ್ತಿದರೆ ಜಾರುತ್ತದೆ. ಅಳೆಯದ ಕೈಗೆ ನಿಮ್ಮ ಪೈಪು ಕೊಡಬೇಡಿ, ಅದು ನನ್ನ ಅಂಗಡಿಯಾದರೂ ಸರಿ.

ಇನ್ನೊಂದು ಮಾತು ಹೇಳದೆ ಇದನ್ನು ಮುಗಿಸಲಾರೆ. ನಿಮ್ಮ ಪೈಪು ಹೊರಗಿನಿಂದ ಬೆಂದಿತ್ತು. ಒಳಗಿನಿಂದ ಬೇಯುವುದೂ ಇದೆ. ಅದಕ್ಕೆ ಮದ್ದು ಬೇರೆ.

ಮೂರು ವರ್ಷದ ಹಿಂದೆ, ಒಣ ಕಾಫಿಯ ಹೊಟ್ಟು ಬಿಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನವರು ಕರೆದರು. ಗೋದಾಮಿನಲ್ಲಿ ಮೂಟೆ, ಹೊಟ್ಟು ಸಾಗಿಸುವ ಚಿಕ್ಕ ಲೋಡರ್. ಒಂದು ಪೈಪು ಬದಲಿಸಿದರೆ ಹದಿನೈದು ದಿನಕ್ಕೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ಯಾವುದೂ ಸೈಲೆನ್ಸರ್ ಹತ್ತಿರ ಇಲ್ಲ. ಬಿಚ್ಚಿದ ಪೈಪಿನ ಮೇಲ್ಮೈ ನುಣುಪಾಗಿತ್ತು. ಆದರೆ ಬಗ್ಗಿಸಿದರೆ ಒಳಗಡೆ ಚಟ್ ಚಟ್ ಅಂತ ಸದ್ದು, ಹಪ್ಪಳ ಮುರಿದ ಹಾಗೆ. ಬೆಂಚಿನ ಮೇಲೆ ಇಟ್ಟರೂ ಯಂತ್ರದಲ್ಲಿದ್ದ ಬಾಗಿನಲ್ಲೇ ಕೂತಿತ್ತು, ನೇರ ಆಗಲಿಲ್ಲ. ಫಿಲ್ಟರ್ ಬಿಚ್ಚಿದರೆ ಕಪ್ಪು ರಬ್ಬರ್ ಚೂರು.

ಲೋಡರ್ ಒಂದು ಗಂಟೆ ಓಡಿಸಿ, ಶಾಖ ಅಳೆಯುವ ಗನ್ ಹಿಡಿದೆ. ಟ್ಯಾಂಕಿನ ಗೋಡೆ 94 ಡಿಗ್ರಿ ತೋರಿಸಿತು. ಹೈಡ್ರಾಲಿಕ್ ಆಯಿಲ್ 82 ಡಿಗ್ರಿ ದಾಟಿದರೆ ಸೀಲುಗಳು ಹಾಳಾಗಲು ಶುರು, ಆಯಿಲೂ ಬೇಗ ಕೆಡುತ್ತದೆ. ಆಯಿಲ್ ತಣ್ಣಗೆ ಮಾಡುವ ಕೂಲರ್ ಮುಂದಿನ ಜಾಲರಿ ತೆಗೆದೆ. ಕಾಫಿ ಹೊಟ್ಟು ಆಯಿಲ್ ಜಿಡ್ಡಿಗೆ ಅಂಟಿ ಕಂಬಳಿಯ ಹಾಗೆ ಕೂತಿತ್ತು. ಬೆಳಕು ಹಿಡಿದರೆ ಆ ಕಡೆ ಕಾಣಲಿಲ್ಲ. ಫ್ಯಾನ್ ತಿರುಗುತ್ತಿದೆ, ಗಾಳಿ ಮಾತ್ರ ಹೋಗುತ್ತಿಲ್ಲ. ಒಳಗಡೆಯಿಂದ ಹೊರಕ್ಕೆ ಏರ್ ಹೊಡೆದು, ತೊಳೆದು ಹಾಕಿದ ಮೇಲೆ ಅದೇ ಲೋಡರ್ 61 ಡಿಗ್ರಿಗೆ ಇಳಿಯಿತು. ಅವರು ಅಷ್ಟರಲ್ಲಿ ಆರು ಪೈಪಿನ ದುಡ್ಡು ಕಳೆದಿದ್ದರು. ಆ ಕೂಲರ್ ತೊಳೆಯಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು.

ನಿಮ್ಮ ತೋಟದಲ್ಲಿ ಹೊಟ್ಟಿನ ಬದಲು ಸಿಲ್ವರ್ ಓಕ್ ಎಲೆ ಇರುತ್ತದೆ. ಬೇಸಿಗೆಯಲ್ಲಿ ಅದು ಕೂಲರಿಗೆ ಬಡಿದು ಅಂಟುತ್ತದೆ. ವಾರಕ್ಕೊಮ್ಮೆ ನೋಡಿಸಿ. ಆಯಿಲ್ ಮಟ್ಟವೂ ನೋಡಿ. ಚಿಕ್ಕ ಯಂತ್ರದ ಟ್ಯಾಂಕಿನಲ್ಲಿ ಇರುವುದೇ ಸ್ವಲ್ಪ ಆಯಿಲ್. ಅದರಲ್ಲೂ ಕಮ್ಮಿಯಾದರೆ ಉಳಿದದ್ದು ತಣ್ಣಗಾಗಲು ಪುರುಸೊತ್ತೇ ಸಿಗದೆ ಸುತ್ತುತ್ತಲೇ ಇರುತ್ತದೆ. ಆಪರೇಟರ್ ಬಕೆಟ್ ಪೂರ್ತಿ ಮಡಚಿದ ಮೇಲೂ ಲಿವರ್ ಎಳೆದು ಹಿಡಿಯುವ ಅಭ್ಯಾಸದವನಾದರೆ ಬಿಡಿಸಿ. ಆಗ ಆಯಿಲ್ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರಿದರೆ ತೆರೆಯುವ ವಾಲ್ವ್) ದಾಟಿ ಸುಮ್ನೆ ಟ್ಯಾಂಕಿಗೆ ಹೋಗುತ್ತದೆ, ಆ ಶಕ್ತಿಯೆಲ್ಲ ಬರೀ ಶಾಖವಾಗುತ್ತದೆ. ಒಳಗಿನಿಂದ ಕಾಯುವ ಪೈಪಿಗೆ ಫೈರ್ ಸ್ಲೀವ್ ಹಾಕಿದರೆ ಕಂಬಳಿ ಹೊದಿಸಿದ ಹಾಗೆ, ಇನ್ನೂ ಬೇಗ ಹೋಗುತ್ತದೆ.

ನಿಮಗೆ ಇಷ್ಟು ಉದ್ದ ಬರೆಯಲು ಕಾರಣ ಇದೆ. ಆ ಪೈಪು ಒಡೆದಾಗ ಆಯಿಲ್ ಚಿಮ್ಮುವುದು ಸೈಲೆನ್ಸರ್ ಮೇಲೆ. ಮಳೆಗಾಲದಲ್ಲಿ ಹೊಗೆ ಎದ್ದು ಬಿಟ್ಟಿತು ಅಂತ ಬರೆದಿದ್ದೀರಿ. ಫೆಬ್ರವರಿಯಲ್ಲಿ, ಒಣ ತರಗೆಲೆ ಮೇಲೆ ಯಂತ್ರ ನಿಂತಿರುವಾಗ ಒಡೆದಿದ್ದರೆ ಬೆಂಕಿ. ಗುರಾಣಿ ಹಾಕುವವರೆಗೆ ಯಂತ್ರ ಶುರು ಮಾಡಬೇಡಿ. ಹಾಕಿದ ಮೇಲೂ ಕ್ಯಾಬಿನ್ ಪಕ್ಕ ಒಂದು ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಪ್ರಶ್ನೆ: ನಾನು ಅರಕಲಗೂಡು ಕಡೆ ಬಾಡಿಗೆಗೆ ಮಿನಿ ಓಡಿಸುವ ಆಪರೇಟರ್. ಪೈಪಿನಲ್ಲಿ ಕಣ್ಣಿಗೆ ಕಾಣದ ಸೋರಿಕೆ ಇದೆ, ಮಂಜಿನ ಹಾಗೆ ಆಯಿಲ್ ಬರುತ್ತದೆ. ಕೈಯಾಡಿಸಿ ನೋಡಿದರೂ ಎಲ್ಲಿ ಅಂತ ಸಿಗುತ್ತಿಲ್ಲ. ಹುಡುಕುವುದು ಹೇಗೆ?

ಉತ್ತರ: ತಮ್ಮಾ, ಕೈಯಾಡಿಸಬೇಡ. ಈ ಸಾಲು ಓದಿದ ಮೇಲೆ ಇನ್ನು ಯಾವತ್ತೂ ಆಡಿಸಬೇಡ.

ಮಂಜಿನ ಹಾಗೆ ಬರುತ್ತಿದೆ ಅಂದರೆ ತೂತು ಸೂಜಿ ಮೊನೆಯಷ್ಟು. ಅದರಿಂದ ಬರುವ ಆಯಿಲ್ ಚರ್ಮವನ್ನು ಸೀಳಿ ಒಳಗೆ ಹೋಗುತ್ತದೆ. ಬಟ್ಟೆ ಗ್ಲೌಸ್ ತಡೆಯಲ್ಲ. ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ ನನ್ನ ಜೊತೆ ಕೆಲಸ ಮಾಡುತ್ತಿದ್ದವನು ಹೀಗೇ ಎಡಗೈ ಆಡಿಸಿದ. ಇರುವೆ ಕಚ್ಚಿದ ಹಾಗಾಯಿತು ಅಂದ. ತೋರುಬೆರಳಿನಲ್ಲಿ ಒಂದು ಸಣ್ಣ ಚುಕ್ಕೆ, ರಕ್ತವೂ ಇಲ್ಲ. ಒರೆಸಿಕೊಂಡು ಊಟಕ್ಕೆ ಕೂತ. ಸಂಜೆಗೆ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮಾರನೇ ದಿನ ಆಸ್ಪತ್ರೆಗೆ ಹೋದಾಗ ಬೆರಳು ಉಳಿಸಲು ಆಗಲಿಲ್ಲ. ಅವನು ಈಗಲೂ ಚಹಾ ಲೋಟ ಬಲಗೈಯಲ್ಲೇ ಹಿಡಿಯುತ್ತಾನೆ. ಅವತ್ತು ಅವನಿಗೆ ಊಟಕ್ಕೆ ಜಾಗ ಬಿಟ್ಟುಕೊಟ್ಟವನು ನಾನೇ. ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹುಡುಕುವುದು ಹೀಗೆ. ಒಂದು ಉದ್ದ ಕೋಲಿನ ತುದಿಗೆ ರಟ್ಟು ಕಟ್ಟು. ಕಣ್ಣಿಗೆ ಕನ್ನಡಕ ಹಾಕು. ದೂರ ನಿಂತು ರಟ್ಟನ್ನು ಪೈಪಿನುದ್ದಕ್ಕೂ ಸರಿಸು. ತೂತಿನ ಎದುರು ಬಂದಾಗ ರಟ್ಟಿನ ಮೇಲೆ ಒದ್ದೆ ಗೆರೆ ಬೀಳುತ್ತದೆ. ಜಾಗ ಸಿಕ್ಕಿತಾ, ಎಂಜಿನ್ ನಿಲ್ಲಿಸು. ಬಕೆಟ್ ನೆಲಕ್ಕೆ ಊರಿರಬೇಕು. ಕೀ ಆನ್ ಮಾಡಿ ಎಲ್ಲ ಲಿವರ್‌ಗಳನ್ನೂ ನಾಲ್ಕೈದು ಸಲ ಎಲ್ಲ ಕಡೆ ಆಡಿಸು, ಒಳಗೆ ಉಳಿದ ಒತ್ತಡ ಇಳಿಯಲಿ. ಟ್ಯಾಂಕಿನ ಮುಚ್ಚಳ ನಿಧಾನಕ್ಕೆ ಸಡಿಲ ಮಾಡು. ಯಂತ್ರ ತಣ್ಣಗಾದ ಮೇಲೆ ಸ್ಪ್ಯಾನರ್ ಹಿಡಿ.

ಅಪ್ಪಿತಪ್ಪಿ ತಾಗಿದರೆ ನೋವಿಲ್ಲದಿದ್ದರೂ ಆ ಕ್ಷಣವೇ ಶಸ್ತ್ರಚಿಕಿತ್ಸೆ ಮಾಡುವ ದೊಡ್ಡ ಆಸ್ಪತ್ರೆಗೆ ಹೋಗು. ಒತ್ತಬೇಡ, ಬಿಸಿ ನೀರು ಹಾಕಬೇಡ. ‘ಒತ್ತಡದ ಹೈಡ್ರಾಲಿಕ್ ಆಯಿಲ್ ಚರ್ಮದೊಳಗೆ ಹೋಗಿದೆ’ ಅಂತ ಇದೇ ಮಾತಿನಲ್ಲಿ ಡಾಕ್ಟರಿಗೆ ಹೇಳು. ಸಣ್ಣ ಚುಕ್ಕೆ ನೋಡಿ ಬ್ಯಾಂಡೇಜ್ ಹಾಕಿ ಕಳಿಸಿದರೆ ಎದ್ದು ಬರಬೇಡ, ಇನ್ನೊಮ್ಮೆ ಹೇಳು. ಯಂತ್ರದ ಮಾಲೀಕರು ಕೆಲಸ ನಿಲ್ಲಿಸಬೇಡ ಅಂದರೆ ಈ ಪುಟ ತೋರಿಸು.

ಪ್ರಶ್ನೆ: ಸಕಲೇಶಪುರದಿಂದ. ಯಜಮಾನರು ಇದ್ದಾಗ ತಂದಿಟ್ಟ ಎರಡು ಹೊಸ ಹೈಡ್ರಾಲಿಕ್ ಪೈಪುಗಳು ಜನರೇಟರ್ ಶೆಡ್ಡಿನಲ್ಲಿ ನೇತಾಡುತ್ತಿವೆ. ಬಳಸೇ ಇಲ್ಲ. ಈಗ ಹಾಕಬಹುದಾ?

ಉತ್ತರ: ಅಮ್ಮಾ, ಪೈಪಿನ ಮೈಮೇಲಿನ ಅಕ್ಷರಗಳಲ್ಲಿ ತಯಾರಾದ ವರ್ಷ ಇರುತ್ತದೆ, ಎಷ್ಟೋ ಸಲ ಯಾವ ಮೂರು ತಿಂಗಳು ಅನ್ನುವುದೂ ಇರುತ್ತದೆ. ಮೊದಲು ಅದನ್ನು ಓದಿಸಿ. ಜರ್ಮನಿಯ ಡಿಐಎನ್ 20066 ಅನ್ನುವ ಮಾನದಂಡದ ಪ್ರಕಾರ ಫಿಟ್ಟಿಂಗ್ ಹಾಕಿದ ಪೈಪನ್ನು ಎರಡು ವರ್ಷಕ್ಕಿಂತ ಜಾಸ್ತಿ ಇಟ್ಟಿರಬಾರದು, ಆ ಎರಡು ವರ್ಷವೂ ಸೇರಿ ಒಟ್ಟು ಆರು ವರ್ಷಕ್ಕೆ ಬದಲಿಸಬೇಕು. ನಾನು ಅಂಗಡಿಯಲ್ಲಿ ಅದನ್ನೇ ಪಾಲಿಸುತ್ತೇನೆ.

ನಿಮ್ಮದು ಜನರೇಟರ್ ಶೆಡ್ಡಿನಲ್ಲಿ ಇತ್ತು ಅನ್ನುವುದು ಇನ್ನೂ ಚಿಂತೆ. ಅಲ್ಲಿಯ ಶಾಖ ರಬ್ಬರನ್ನು ಒಣಗಿಸುತ್ತದೆ. ಕರೆಂಟ್ ಕಿಡಿ ಹಾರುವ ಜಾಗದಲ್ಲಿ ಹುಟ್ಟುವ ಓಝೋನ್ ಮೇಲಿನ ರಬ್ಬರನ್ನು ಬಿರಿಯಿಸುತ್ತದೆ. ಮೊಳೆಗೆ ನೇತುಹಾಕಿದ್ದರೆ ಆ ಮಡಿಕೆಯ ಜಾಗವನ್ನು ಮೆಲ್ಲಗೆ ಬಿಡಿಸಿ ಬಿಸಿಲಿಗೆ ಹಿಡಿದು ನೋಡಿ. ಕೂದಲೆಳೆ ಬಿರುಕು ಕಂಡರೆ ಯಂತ್ರಕ್ಕೆ ಹಾಕಬೇಡಿ. ಯಜಮಾನರು ಆರಿಸಿ ತಂದದ್ದು, ಬಿಸಾಕಲು ಮನಸ್ಸು ಬರುವುದಿಲ್ಲ, ನನಗೆ ಅರ್ಥವಾಗುತ್ತದೆ. ಎರಡನ್ನೂ ಅಳತೆಗೆ ಇಟ್ಟುಕೊಳ್ಳಿ. ಹೊಸದು ಮಾಡಿಸುವಾಗ ಉದ್ದ, ಚೂಡಿ (ಫಿಟ್ಟಿಂಗಿನ ತಿರುಪು ಗೆರೆ), ಬೆಂಡಿನ ಕೋನ ಎಲ್ಲ ಅದರಿಂದಲೇ ತಿಳಿಯುತ್ತದೆ.